ಹಗಲು ಹೊತ್ತು ದೀಪ ಯಾಕಮ್ಮ

ದಾಸಣ್ಣ ತಂದುಕೊಟ್ಟ ದಿನ ಆ ಕಲ್ಲಿನ ಮೇಲೆ ಐವತ್ತೆರಡು ಇದ್ದವು. ಮೊದಲ ಸಲ ತಪ್ಪಿರಬಹುದೆಂದು ನಾನು ಎರಡು ಸಲ ಎಣಿಸಿದ್ದೆ. ಅಂಗಿಯ ಗುಂಡಿಯಷ್ಟು ಅಗಲದ ಹಸಿರು ಜೀವಗಳು, ಸುತ್ತ ಕಣ್ರೆಪ್ಪೆಯಂಥ ಎಳೆಗಳು. ಮುಟ್ಟಿದರೆ ಮುಚ್ಚಿಕೊಳ್ಳುತ್ತಿದ್ದವು, ಬಿಟ್ಟರೆ ಅರಳುತ್ತಿದ್ದವು. ಹವಳದ ಹತ್ತಿರದ ನೆಂಟರು ಎಂದು ಆಮೇಲೆ ಓದಿ ತಿಳಿದೆ.

ಶಿರಾದ ಹೆಂಚಿನ ಡಿಪೋದಲ್ಲಿ ನಾನು ಬಿಲ್ ಬರೆಯುತ್ತಿದ್ದೆ. ದಾಸಣ್ಣ ಮಂಗಳೂರಿನಿಂದ ನಮಗೆ ಹೆಂಚು ತರುವ ಲಾರಿಯ ಡ್ರೈವರ್. ಸುರತ್ಕಲ್ಲಿನ ಬಂಡೆಗಳ ಸಂದಿಯಲ್ಲಿ ಈ ಕಲ್ಲು ಸಿಕ್ಕಿತಂತೆ. ಸಮುದ್ರದ ನೀರು ತುಂಬಿದ ಡಬ್ಬದ ಸಮೇತ ನನ್ನ ಮೇಜಿನ ಮೇಲಿಟ್ಟು, "ಸಂಜೆ ಕಾಲೇಜು ಓದಿರೋರು ನೀವು, ಇದೇನು ಹೇಳಿ ನೋಡಾಣ ಜಗದಾಂಬಕ್ಕ" ಎಂದ. ನಾನು ಸಂಜೆ ಕಾಲೇಜಿನಲ್ಲಿ ಓದಿದ್ದು ಇತಿಹಾಸ. ಗೊತ್ತಿಲ್ಲವೆಂದು ಹಿಂದಕ್ಕೆ ಕೊಡಬೇಕಿತ್ತು. ಕೊಡಲಿಲ್ಲ. ಅಲ್ಲಿಂದ ಅವುಗಳ ಜೀವ ನನ್ನ ಜವಾಬ್ದಾರಿಯಾಯಿತು.

ಫೋಟೋಗೆ ಕಟ್ಟು ಹಾಕುವವರ ಹತ್ತಿರ ಗಾಜಿನ ತೊಟ್ಟಿ ಮಾಡಿಸಿದೆ. ಗಾಳಿಯ ಪಂಪು ಕೊಳ್ಳುವ ಶಕ್ತಿ ಇರಲಿಲ್ಲ. ದಾಸಣ್ಣ ಹಳೆಯ ಲಾರಿ ಟ್ಯೂಬಿಗೆ ಗಾಳಿ ತುಂಬಿ, ಸಣ್ಣ ಪೈಪು ಸಿಕ್ಕಿಸಿ, ನೀರಿನೊಳಗೆ ಗುಳ್ಳೆ ಬರುವಂತೆ ಮಾಡಿಕೊಟ್ಟ. ಪ್ರತಿ ಟ್ರಿಪ್ಪಿಗೂ ಎರಡು ಕ್ಯಾನು ಸಮುದ್ರದ ನೀರು ತರುತ್ತಿದ್ದ. ಉಳಿದದ್ದು ಬೆಳಕು ಒಂದೇ.

ನಾನೂ ಅಮ್ಮನೂ ಇದ್ದದ್ದು ಮೂಡಲಗಿರಿಯಪ್ಪನವರ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ. ಇದ್ದ ಒಂದು ಕಿಟಕಿ ಪಕ್ಕದ ಮನೆಯ ಗೋಡೆಗೆ ಮುಖ ಮಾಡಿತ್ತು. ಮಂಗಳೂರಿನ ಮೀನುಗಾರಿಕೆ ಕಾಲೇಜಿಗೆ ಕಾಗದ ಬರೆದೆ. ಉತ್ತರ ಬರುವುದಿಲ್ಲ ಅಂದುಕೊಂಡಿದ್ದೆ, ಬಂತು. ಈ ಜೀವಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದಂತೆ. ಬೆಳಕಿಲ್ಲದೆ ಪಾಚಿ ಸತ್ತರೆ ಹಿಂದೆಯೇ ಇವೂ ಸಾಯುತ್ತವಂತೆ. ದಿನಕ್ಕೆ ಹತ್ತು ಗಂಟೆ ಉರಿಯುವ ನಾಲ್ಕು ಟ್ಯೂಬ್‌ಲೈಟ್ ಇದ್ದರೆ ಒಳ್ಳೆಯದು ಎಂದು ಅಲ್ಲಿಯ ಮೇಷ್ಟರೊಬ್ಬರು ಕಾರ್ಡಿನಲ್ಲಿ ಬರೆದಿದ್ದರು. ಅದು ಎಂಬತ್ಮೂರನೇ ಇಸವಿ. ಒಂದು ಟ್ಯೂಬ್‌ಲೈಟ್ ಸೆಟ್ಟಿಗೆ ಎಪ್ಪತ್ತು ರೂಪಾಯಿ, ನನ್ನ ಸಂಬಳ ಇನ್ನೂರ ಎಂಬತ್ತು.

ಮೊದಲು ನೂರು ಕ್ಯಾಂಡಲ್ ಬಲ್ಬು ಇಳಿಬಿಟ್ಟೆ. ನೀರು ಕಾಯಿತೇ ಹೊರತು ಅವು ಅರಳಲಿಲ್ಲ. ಆಮೇಲೆ ಒಂದು ಟ್ಯೂಬ್‌ಲೈಟ್ ತಂದು, ಸುಣ್ಣ ಬಳಿದ ಹಲಗೆಯ ಕೆಳಗೆ ನೀರಿಗೆ ಒಂದು ಗೇಣು ಮೇಲೆ ಕಟ್ಟಿದೆ. ಅರ್ಧದಷ್ಟು ಅರಳಿದವು. ಆದರೆ ಮೈನ್ ಸ್ವಿಚ್ಚು ಮೂಡಲಗಿರಿಯಪ್ಪನವರ ಪಡಸಾಲೆಯಲ್ಲಿತ್ತು. ಬೆಳಿಗ್ಗೆ ಏಳಕ್ಕೆ ಆರಿಸಿದರೆ ಮತ್ತೆ ಹಾಕುತ್ತಿದ್ದದ್ದು ಸಂಜೆ ಆರಕ್ಕೆ; ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಐದರವರೆಗೂ ಬಂದ್.

"ಹಗಲು ಹೊತ್ತು ದೀಪ ಯಾಕಮ್ಮ?" ಎಂದರು, ಹಗಲಿಗೂ ಬಿಡಿ ಎಂದು ನಾನು ಕೇಳಿದಾಗ.

"ಅವುಕ್ಕೆ ಬೆಳಕು ಬೇಕಂತೆ."

"ಸೂರ್ಯ ಇಲ್ವಾ?"

"ಕೋಣೆಯೊಳಕ್ಕೆ ಬರಲ್ಲ."

"ಅದುಕ್ಕೆ ನಾನೇನು ಮಾಡ್ಲಿ? ಕಲ್ಲು ಸಾಕೋದು ಬುಟ್ಟು ಮದುವೆ ನೋಡ್ಕಳಮ್ಮ."

ನಾನು ನಕ್ಕೆ. ಮನೆ ಯಜಮಾನರು ಏನಾದರೂ ಅಂದರೆ ನಗುವ ಅಭ್ಯಾಸವಿತ್ತು ನನಗೆ.

ಶಾಮಿಯಾನದವರಿಗೆ ದೀಪ ಬಾಡಿಗೆಗೆ ಕೊಡುವ ಸಣ್ಣರಂಗಯ್ಯ, "ಹೊತ್ತು ಕಮ್ಮಿ ಅಂದ್ರೆ ಬೆಳಕು ಜಾಸ್ತಿ ಕೊಡಿ" ಎಂದು ಬೀದಿದೀಪದ ಹಳೆಯ ಮರ್ಕ್ಯುರಿ ಲ್ಯಾಂಪೊಂದನ್ನು ತೊಂಬತ್ತು ರೂಪಾಯಿಗೆ ತಲೆಗೆ ಕಟ್ಟಿದ. ಸಂಜೆ ಸುತ್ತಲ ಬಾವಿಗಳ ಪಂಪ್‌ಸೆಟ್ಟು ಶುರುವಾದರೆ ವೋಲ್ಟೇಜು ಬೀಳುತ್ತಿತ್ತು, ಲ್ಯಾಂಪು ಆರುತ್ತಿತ್ತು, ಮತ್ತೆ ಹೊತ್ತಿಕೊಳ್ಳಲು ಹತ್ತು ನಿಮಿಷ. ಮೂರನೇ ದಿನ ಮನೆಯ ಫ್ಯೂಸೇ ಹೋಯಿತು. ಮೂಡಲಗಿರಿಯಪ್ಪನವರು ನಮ್ಮ ಕಡೆಯ ಫ್ಯೂಸನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡರು. ನಾಲ್ಕು ದಿನ ಲಾಟೀನು. ಐದನೇ ದಿನ ನಾನೇ ಹೋಗಿ ತಪ್ಪಾಯಿತು ಎಂದು ಕೇಳಿ ಇಸಿದುಕೊಂಡು ಬಂದೆ. ಅಷ್ಟರಲ್ಲಿ ಕಲ್ಲಿನ ಮೇಲೆ ಉಳಿದದ್ದು ಮೂವತ್ತೊಂದು. ಸತ್ತವು ಮೊದಲು ಬೆಳ್ಳಗಾಗಿ, ಆಮೇಲೆ ಲೋಳೆಯಾಗಿ ಕಳಚಿಕೊಳ್ಳುತ್ತಿದ್ದವು.

ಡಿಸೆಂಬರ್ ಕೊನೆಯಲ್ಲಿ ತಾವರೆಕೆರೆಯಿಂದ ಪುಟ್ಟಕ್ಕ ಎಂಬಾಕೆ ಹೆಂಚಿಗೆ ಬಂದರು. "ಒಂದು ಗಾಜಿನ ಹೆಂಚೂ ಹಾಕು ತಾಯಿ, ಒಳಕಲ್ತಾವ ಕತ್ತಲು, ಕೈಯೇ ಕಾಣಾಕಿಲ್ಲ" ಎಂದರು. ಗಾಜಿನ ಹೆಂಚು ಒಂದು ಎಂದು ಬರೆಯುತ್ತಿದ್ದ ನನ್ನ ಕೈ ನಿಂತಿತು. ನಾಲ್ಕು ವರ್ಷದಿಂದ ಊರಿನವರ ಅಡುಗೆಮನೆಗಳಿಗೆಲ್ಲ ನಾನೇ ಗಾಜಿನ ಹೆಂಚಿನ ಬಿಲ್ ಬರೆದಿದ್ದೇನೆ. ಒಂದಕ್ಕೆ ಹದಿನೆಂಟು ರೂಪಾಯಿ. ಇಷ್ಟು ಪೆದ್ದಿಯೇ ನಾನು ಎಂದು ಮೈಯೆಲ್ಲ ಉರಿಯಿತು.

ಅವತ್ತು ಸಂಜೆಯೇ ಮೂಡಲಗಿರಿಯಪ್ಪನವರನ್ನು ಕೇಳಿದೆ. ಒಂದು ಹೆಂಚು ತೆಗೆದು ಅದೇ ಜಾಗಕ್ಕೆ ಗಾಜಿನದು ಕೂರಿಸುವುದು, ಖರ್ಚೆಲ್ಲ ನನ್ನದು.

"ಶೂನ್ಯಮಾಸದಾಗೆ ಮನೆ ಮಾಡು ಮುಟ್ಟಬಾರ್ದು ಕಣಮ್ಮ. ಓದಿರೋಳು, ಅಷ್ಟೂ ಗೊತ್ತಿಲ್ವಾ? ಸಂಕ್ರಾಂತಿ ಕಳೀಲಿ, ನೋಡಾಣ."

ಆಗಲಿ ಎಂದೆ. ನಂಬಿಕೆಯ ಮಾತು, ನನ್ನ ಅವಸರಕ್ಕೆ ಅವರ ಮನೆಗೆ ಕೆಡುಕಾಗಬಾರದು ಎಂದುಕೊಂಡೆ. ಬೆಳಿಗ್ಗೆ ಸಂಜೆ ಟ್ಯೂಬ್‌ಲೈಟಿನ ಕೆಳಗೆ ಕೂತು ಎಣಿಸಿದೆ. ಇಪ್ಪತ್ತೆಂಟು. ಇಪ್ಪತ್ತನಾಲ್ಕು. ಇಪ್ಪತ್ತೆರಡು.

ಹನ್ನೊಂದನೆಯ ದಿನ ಮೂಡಲಗಿರಿಯಪ್ಪನವರೇ ಡಿಪೋಗೆ ಬಂದರು.

"ನಾಕು ಹೆಂಚು ಕೊಡಮ್ಮ. ಹಾಳು ಕೋತಿಗಳು ಅಡುಗೆಮನೆ ಮೇಲೆ ಕುಣಿದು ಒಡೆದಾಕವೆ."

"ಸಂಕ್ರಾಂತಿ ಕಳೆದ ಮೇಲೆ ಹಾಕಿಸ್ತೀರಾ?"

"ಅಲ್ಲಿಗಂಟ ಒಲೆ ಮೇಲೆ ಇಬ್ಬನಿ ಬೀಳಲಾ? ಈಗ್ಲೇ ಆಳು ಕರ್ಕೊಂಡು ಹೋಗ್ತಾ ಇವ್ನಿ."

ನಾನು ಬಿಲ್ ಬರೆದೆ. ಅವರು ಹೋದ ಮೇಲೆ ಅದೇ ಪುಸ್ತಕದ ಮುಂದಿನ ಹಾಳೆಯಲ್ಲಿ ನನ್ನ ಹೆಸರು ಬರೆದುಕೊಂಡೆ: ಗಾಜಿನ ಹೆಂಚು, ಒಂದು. ಅಕ್ಷರ ಸೊಟ್ಟಗಾದವು. ಅಷ್ಟು ಸಿಟ್ಟು ಹಿಂದೆಂದೂ ಬಂದದ್ದು ನನಗೆ ನೆನಪಿಲ್ಲ. 

ಆ ದಿನ ದಾಸಣ್ಣನ ಲಾರಿ ಡಿಪೋದಲ್ಲೇ ಇತ್ತು. ಬರ್ತೀಯಾ ಎಂದೆ. ನನ್ನ ಮುಖ ನೋಡಿ, ಯಾಕೆ ಎಂದು ಕೇಳದೆ ಬಂದ. ಮೂಡಲಗಿರಿಯಪ್ಪನವರ ಆಳು ಅವರ ಅಡುಗೆಮನೆಯ ಮೇಲೆ ಹೆಂಚು ಜೋಡಿಸುತ್ತಿದ್ದ ಹೊತ್ತಿಗೇ ನಾವು ಹಿಂದಿನ ಕೋಣೆಯಲ್ಲಿ ಮೇಜಿನ ಮೇಲೆ ಸ್ಟೂಲು ಇಟ್ಟೆವು. ಅಮ್ಮ ಬಾಗಿಲಿಗೆ ಅಡ್ಡ ನಿಂತು, "ಬ್ಯಾಡ ಕಣೆ, ಮನೆ ಬುಡುಸ್ತಾನೆ ಆವಯ್ಯ" ಎಂದಳು. ನಾನು ಸ್ಟೂಲು ಹಿಡಿದುಕೊಂಡೆ. ದಾಸಣ್ಣ ಒಳಗಿನಿಂದಲೇ ಒಂದು ಹೆಂಚು ಎತ್ತಿ ಸರಿಸಿ, ಗಾಜಿನದನ್ನು ಅದೇ ಜಾಗದಲ್ಲಿ ಕೂರಿಸಿದ. ಐದು ನಿಮಿಷವೂ ಹಿಡಿಯಲಿಲ್ಲ.

ಬಿಸಿಲು ನೇರ ತೊಟ್ಟಿಯೊಳಕ್ಕೆ ಬಿತ್ತು. ನೀರು ಕಾಯದಿರಲೆಂದು ಮೇಲೊಂದು ತೆಳು ಮಲ್ ಬಟ್ಟೆ ಕಟ್ಟಿದೆ. ಎರಡು ದಿನ ಏನೂ ಆಗಲಿಲ್ಲ. ಇದೂ ತಪ್ಪಾಯಿತೇನೋ ಎಂದು ಡಿಪೋದಲ್ಲಿ ಕೂತು ಎರಡು ಬಿಲ್ ತಪ್ಪಾಗಿ ಬರೆದೆ. ಮೂರನೆಯ ದಿನ ಭಾನುವಾರ, ಹತ್ತೂವರೆ ಹೊತ್ತಿಗೆ, ಉಳಿದಿದ್ದವೆಲ್ಲ ಅರಳಿದವು. ಹತ್ತೊಂಬತ್ತು. ಟ್ಯೂಬ್‌ಲೈಟಿನ ಕೆಳಗೆ ಮಾಸಲಾಗಿದ್ದ ಹಸಿರು ಹೊಸ ರಾಗಿ ಪೈರಿನ ಬಣ್ಣಕ್ಕೆ ತಿರುಗಿತ್ತು.

ಮಾಡಿನ ಮೇಲೆ ಗಾಜು ಹೊಳೆಯುವುದನ್ನು ಹಿಂದಿನ ಬೀದಿಯಿಂದ ಕಂಡು ಮೂಡಲಗಿರಿಯಪ್ಪನವರು ಒಳಗೆ ಬಂದರು. ಅಮ್ಮ ಗೋಡೆಗೆ ಒರಗಿದಳು. ಜಗಳಕ್ಕೆ ನಾನು ಸಿದ್ಧಳಾಗಿದ್ದೆ. ಅವರು ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

"ಚೆಂದಾಗವೆ ಕಣಮ್ಮ. ಇಂಗೆ ಅರಳ್ತವೆ ಅಂತ ಮೊದಲೇ ಹೇಳೋದಲ್ವಾ? ನಾನೇ ಎಲ್ಡು ಗಾಜಿನ ಹೆಂಚು ಹಾಕುಸ್ಕೊಡ್ತಿದ್ದೆ."

"ನಾನು ಕೇಳಿದ ಮೇಲೆ ಹನ್ನೆರಡು ಸತ್ತವು."

"ಎಂತಾವು?"

"ಸಂಕ್ರಾಂತಿ ಕಳೀಲಿ ಅಂದ್ರಲ್ಲ, ಆಮೇಲೆ ಹನ್ನೆರಡು. ಅದುಕ್ಕೆ ಮುಂಚೆ ಇಪ್ಪತ್ತೊಂದು."

ಅವರು ನಕ್ಕರು. "ಹೋಗ್ಲಿ ಬುಡು, ಇನ್ನೂ ಅವಲ್ಲ ಇಷ್ಟು."

"ಹೊರಗೆ ಹೋಗಿ."

"ಏನಂದೆ?"

"ಹೊರಗೆ ಹೋಗಿ ಅಂದೆ."

"ಯಾರ ಮನೆ ಇದು?"

"ನಿಮ್ಮದು. ಹೊರಗೆ ಹೋಗಿ."

ಅವರು ಅಮ್ಮನ ಮುಖ ನೋಡಿದರು. ಅಮ್ಮ ನೆಲ ನೋಡುತ್ತಿದ್ದಳು. ಎದ್ದು ಪಂಚೆ ಕೊಡವಿಕೊಂಡು, "ಒಂದನೇ ತಾರೀಕಿಗೆ ಮನೆ ಖಾಲಿ ಮಾಡಿ" ಎಂದು ಹೋದರು. ಬಾಗಿಲು ದಾಟಿದ ಮೇಲೂ ಏನೋ ಗೊಣಗುತ್ತಿದ್ದದ್ದು ಕೇಳಿಸಿತು.

"ತೃಪ್ತಿ ಆಯ್ತಾ?" ಎಂದಳು ಅಮ್ಮ.

ಆಗಿರಲಿಲ್ಲ. ಇದೇ ಸಿಟ್ಟು ಹದಿನೈದು ದಿನ ಮೊದಲು ಬಂದಿದ್ದರೆ ಹನ್ನೆರಡು ಉಳಿಯುತ್ತಿದ್ದವು. ಬಿಸಿಲು ಆಗಲೇ ತೊಟ್ಟಿಯ ಆಚೆ ಅಂಚಿಗೆ ಸರಿದಿತ್ತು. ಕಲ್ಲನ್ನೂ ಆ ಕಡೆಗೆ ಸರಿಸಬೇಕಿತ್ತು. ಸೆರಗು ಸಿಕ್ಕಿಸಿಕೊಂಡೆ. ಎರಡೂ ಕೈಯನ್ನು ನೀರಿಗಿಟ್ಟೆ.