ಏಳನೇ ಹಾಡಿನ ಖಾಲಿ ಜಾಗ

ದೋಲ್‌ದಾಮ್ ಎಂದರೆ ಕೊರಿಯನ್ ಭಾಷೆಯಲ್ಲಿ ಕಲ್ಲಿನ ಗೋಡೆ. ಆರು ಹುಡುಗರ ಹಾಡಿನ ತಂಡಕ್ಕೆ ಇದೆಂಥ ಹೆಸರು ಎಂದು ಬೇರೆ ಊರಿನವರು ಮೂಗು ಮುರಿಯಬಹುದು. ಬಸವಕಲ್ಯಾಣದಲ್ಲಿ ಕೋಟೆಯ ಪಕ್ಕದ ಗಲ್ಲಿಯಲ್ಲಿ ಬೆಳೆದ ನನಗೆ ಮಾತ್ರ ಆ ಹೆಸರು ಕೇಳಿದ ಕೂಡಲೇ ಇವರು ನಮ್ಮವರೇ ಅನಿಸಿತು. ಹೀಗಂದರೆ ನನ್ನ ಗೆಳತಿ ವಿಶಾಖಾ ಒಪ್ಪುವುದಿಲ್ಲ. "ಸುಳ್ಳು ಹೇಳಬ್ಯಾಡಲೇ ತಹಸೀನ್, ಮೊದಲು ನಿಂಗ ಹಿಡಿಸಿದ್ದು ಅವರ ಕೂದಲಿನ ಬಣ್ಣ," ಎನ್ನುತ್ತಾಳೆ. ಅದೂ ನಿಜ. ಆದರೆ ಎಲ್ಲ ನಿಜವನ್ನೂ ಎಲ್ಲರ ಮುಂದೆ ಹೇಳಬೇಕೆಂದೇನೂ ಇಲ್ಲ.

ಈ ಹುಡುಗರ ಚರಿತ್ರೆಯನ್ನು ನಾನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಶುರುವಿನಲ್ಲಿ ಕಪ್ಪು ಬಟ್ಟೆ, ಕೊರಳಲ್ಲಿ ಸರಪಳಿ, ಇಡೀ ಲೋಕದ ಮೇಲೆ ಸಿಟ್ಟು. ರ್‍ಯಾಪ್ ಕೇಳಿದರೆ ಯಾರೋ ಜಗಳಕ್ಕೆ ನಿಂತ ಹಾಗಿತ್ತು. ಯಾರೂ ಕೇಳಲಿಲ್ಲ. ಆಮೇಲೆ ಕಂಪನಿಯವರು ಶಾಲೆಯ ಯೂನಿಫಾರ್ಮ್ ತೊಡಿಸಿ, ಪಾಕದಲ್ಲಿ ಅದ್ದಿದಂಥ ಪ್ರೇಮಗೀತೆ ಹಾಡಿಸಿದರು. ಅದನ್ನೂ ಯಾರೂ ಕೇಳಲಿಲ್ಲ. ಇನ್ನು ಗಂಟುಮೂಟೆ ಕಟ್ಟುವುದೊಂದೇ ಬಾಕಿ ಎನ್ನುವಾಗ ತಮ್ಮ ಅಜ್ಜಂದಿರ ಕಾಲದ ಡೋಲನ್ನು ಸ್ಟುಡಿಯೋಕ್ಕೆ ತಂದು ಕಂಪ್ಯೂಟರಿನ ಬೇಸ್ ಜೊತೆ ಸೇರಿಸಿದರು. ಮೇಲೆ ಎರಡು ತೆಳು ದನಿ, ನಡುವೆ ರ್‍ಯಾಪ್, ಎಲ್ಲಕ್ಕೂ ಕೆಳಗೆ ದೊಯುಲ್ ಎಂಬವನ ದಪ್ಪ ದನಿ. ಆ ಡೋಲಿನ ಪೆಟ್ಟಿಗೆ ಲೋಕವೆಲ್ಲ ತಿರುಗಿ ನೋಡಿತು. ಹಾಗೆ ನಮ್ಮ ಗಲ್ಲಿಗೂ ಬಂದರು.

ನಮ್ಮ ಮನೆಯಲ್ಲೂ ಒಂದು ಬ್ಯಾಂಡ್ ಇದೆ. ನನ್ನ ದಾದಾ, ಅಂದರೆ ಅಪ್ಪನ ಅಪ್ಪ ಗಯಾಸುದ್ದೀನ್, ಮದುವೆ ಮೆರವಣಿಗೆಯ ಬ್ರಾಸ್ ಬ್ಯಾಂಡಿನ ಉಸ್ತಾದ್. ಅದರ ಚರಿತ್ರೆಯೇನು ಕಡಿಮೆಯಲ್ಲ. ಒಂದು ಕಾಲಕ್ಕೆ ಕೆಂಪು ಕೋಟು, ಹೆಗಲ ಮೇಲೆ ಬಂಗಾರ ಬಣ್ಣದ ಗೊಂಡೆ, ಬೀದರಿನಿಂದ ಉಮರಗಾದವರೆಗೆ ಮದುವೆಗಳು. ಆಮೇಲೆ ಡಿಜೆ ಬಂತು. ಗಾಡಿಯ ತುಂಬ ಡಬ್ಬಿ ಪೇರಿಸಿಕೊಂಡು ಕಿಟಕಿ ಗಾಜು ನಡುಗಿಸುವ ಆ ಪಿಶಾಚಿಯ ಮುಂದೆ ಊದುವವರ ಉಸಿರು ಎಲ್ಲಿ ಸಾಲುತ್ತದೆ? ಕೋಟುಗಳ ಬಣ್ಣ ಹೋಯಿತು, ಜನ ಒಬ್ಬೊಬ್ಬರಾಗಿ ಬೇರೆ ಕೆಲಸ ಹಿಡಿದರು. ಉಳಿದವರು ಟ್ರಂಪೆಟ್ ಊದುವ ದಾದಾ ಮತ್ತು ಗುರುನಾಥ, ದೊಡ್ಡ ಡೋಲಿನ ಮಚ್ಚೇಂದ್ರ, ಕ್ಯಾಸಿಯೋ ಕೀಬೋರ್ಡ್ ಬಾರಿಸುವ ನನ್ನ ಅಣ್ಣ ಆಸಿಫ್. ಮತ್ತೆ ಕ್ಲಾರಿನೆಟ್ಟಿಗೆ ಜ್ಞಾನೇಶ್ವರ ಕಾಕಾ, ವಿಶಾಖಾಳ ಅಪ್ಪ. ಮನೆಯಲ್ಲಿ ದಖನಿ ಉರ್ದು ಮಾತಾಡುವ ದಾದಾ ಬ್ಯಾಂಡಿನವರ ಜೊತೆ ಕನ್ನಡ ಮಾತಾಡುತ್ತಾರೆ. ಬೈಯುವುದಕ್ಕೆ ಅದೇ ಛಲೋ ಅಂತೆ.

ಜ್ಞಾನೇಶ್ವರ ಕಾಕಾ ಇದ್ದದ್ದು ಮೂರು ವರ್ಷದ ಹಿಂದಿನವರೆಗೆ. ಅವರಿಗೆ ಹುಮನಾಬಾದಿನ ಒಂದು ಔಷಧಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಶಿಫ್ಟ್ ಮುಗಿಸಿ, ಬಸ್ ಹಿಡಿದು, ಮದುವೆಗೆ ಓಡಿಬರುತ್ತಿದ್ದರು. ಒಂದು ಸಂಜೆ ಬಸ್ ತಡವಾಯಿತು. ಕಾಕಾ ಕ್ಲಾರಿನೆಟ್ಟಿನ ಪೆಟ್ಟಿಗೆ ಹಿಡಿದು ಬೆವರು ಸುರಿಸುತ್ತ ಬಂದಾಗ ಮೆರವಣಿಗೆ ಹೊರಟಾಗಿತ್ತು. ಅವರು ಊದಬೇಕಾದ ಸಾಲನ್ನು ಆಸಿಫ್ ಕ್ಯಾಸಿಯೋದ ಒಂದು ಗುಂಡಿ ಒತ್ತಿ, ಕ್ಲಾರಿನೆಟ್ಟಿನದೇ ದನಿಯಲ್ಲಿ ಬಾರಿಸುತ್ತಿದ್ದ. ದಾದಾ ತಿರುಗಿ ನೋಡಿ, "ನಡೀತದ ಬಿಡು, ಆಸಿಫ್ ಸಂಭಾಳಿಸ್ತಾನ," ಅಂದರು. ಅವರ ಮನಸ್ಸಿನಲ್ಲಿ ಅದು ಸಮಾಧಾನದ ಮಾತು. ಕಾಕಾಗೆ ಕಪಾಳಕ್ಕೆ ಹೊಡೆದಂತಾಯಿತು.

"ನನ್ನ ಜಾಗಾ ತುಂಬ್ಯದಲ್ರಿ ಉಸ್ತಾದ್. ಛಲೋ ಆತು," ಎಂದು ಪೆಟ್ಟಿಗೆಯನ್ನು ಕ್ಯಾಸಿಯೋ ಗಾಡಿಯ ಮೇಲಿಟ್ಟು ಬಂದ ದಾರಿಯಲ್ಲೇ ವಾಪಸ್ ಹೋದರು. ಆಮೇಲೆ ಸಂಸಾರವನ್ನೂ ಹುಮನಾಬಾದಿಗೆ ಸಾಗಿಸಿದರು. ಇಬ್ಬರೂ ಹಟಮಾರಿಗಳು. ಇವರು ಬಾ ಎನ್ನಲಿಲ್ಲ, ಅವರು ಬರಲಿಲ್ಲ. ಪೆಟ್ಟಿಗೆ ನಮ್ಮ ಅಲ್ಮಾರಿಯ ಮೇಲೆ ಕುಳಿತುಕೊಂಡಿತು. ಈದ್ ಬಂದಾಗ ದಾದಿ ಜೈನಬಿ ಅದರ ಧೂಳು ಒರೆಸುತ್ತಾಳೆ, ಒರೆಸುತ್ತ ದಾದಾಗೆ ನಾಲ್ಕು ಮಾತು ಅನ್ನುತ್ತಾಳೆ. ದಾದಾ ಕೇಳಿಸದವರಂತೆ ಕೂಡುತ್ತಾರೆ.

ಈ ಚಳಿಗಾಲದಲ್ಲಿ ವಿಶಾಖಾಳ ಮದುವೆ ಗೊತ್ತಾಯಿತು. ಹುಡುಗ ದುಬಲಗುಂಡಿಯ ಅಶೋಕಕುಮಾರ. ಗೊತ್ತಾದ ದಿನವೇ ಅವಳ ಫೋನ್ ಬಂತು.

"ಲೇ, ನಂಗ ಬಂಗಾರ ಬ್ಯಾಡ, ರೇಷ್ಮಿ ಬ್ಯಾಡ. ನನ್ನ ಮದುವ್ಯಾಗ ಅಪ್ಪ ಒಮ್ಮೆ ಕ್ಲಾರಿನೆಟ್ ಊದಬೇಕು. ಮನ್ಯಾಗ ಸುಮ್ಮ ಕುಂತಲ್ಲೇ ತೊಡಿ ಮ್ಯಾಲ ಕ್ಲಾರಿನೆಟ್ ಊದಿದಂಗ ಬಟ್ಟು ಆಡಸ್ತಾನಲೇ, ನೋಡಾಕ ಆಗಂಗಿಲ್ಲ."

"ನಿಮ್ಮಪ್ಪ ನಮ್ಮ ದಾದಾನ ಹೆಸರ ಕೇಳಿದ್ರ ಮುಖಾ ತಿರುಗಿಸ್ತಾರ."

"ತಿರುಗಿಸ್ಲಿ. ಬ್ಯಾಂಡ್ ತರೋರು ಗಂಡಿನ ಕಡಿಯೋರಲ್ಲೇನು?"

ಅವಳ ತಲೆಗೆ ನಾನು ಅಲ್ಲೇ ಸಲಾಮ್ ಹೊಡೆದೆ. ನಮ್ಮ ಕಡೆ ಬ್ಯಾಂಡ್ ಕರೆತರುವುದು ಗಂಡಿನವರು. ಮೆರವಣಿಗೆ ಮಂಟಪದ ಬಾಗಿಲಿಗೆ ಬಂದು ನಿಂತಾಗ ಹೆಣ್ಣಿನ ತಂದೆ ಹಾರ ಹಿಡಿದು ಎದುರು ಬರಲೇಬೇಕು, ಬಾಗಿಲಿನ ಹಾಡು ಮುಗಿಯುವ ತನಕ ಅಲ್ಲಿಂದ ಕದಲುವಂತಿಲ್ಲ. ಯಾವ ಸಿಟ್ಟಿಗೂ ಇದರಲ್ಲಿ ರಿಯಾಯಿತಿ ಇಲ್ಲ. ಅಶೋಕಕುಮಾರನನ್ನು ವಿಶಾಖಾ ಆಗಲೇ ಒಪ್ಪಿಸಿದ್ದಳು. ಪಾಪ, ಅವಳು ಆನೆ ತಾ ಅಂದಿದ್ದರೆ ಅದನ್ನೂ ಹುಡುಕಿಕೊಂಡು ಹೋಗುತ್ತಿದ್ದ. ಕರೆದದ್ದು ಗಂಡಿನವರು, ಹಾಗಾಗಿ ಯಾರ ಮಗಳ ಮದುವೆಯೆಂದು ಗೊತ್ತಿದ್ದರೂ ದಾದಾ ಒಲ್ಲೆ ಅನ್ನಲಿಲ್ಲ.

ಬಾಗಿಲಿನ ಹಾಡು ಯಾವುದೆಂದೂ ಅವಳೇ ಹೇಳಿದಳು. ದೋಲ್‌ದಾಮ್‌ನ ಹೊಸ ಆಲ್ಬಮ್ಮಿನ ಏಳನೆಯದು. ಅದರ ಹೆಸರು ಗೂಡ್ಸ್ ರೈಲಿನಷ್ಟು ಉದ್ದ, ಹಾಗಾಗಿ ನಾವು ಏಳನೇ ಹಾಡು ಎಂದೇ ಕರೆಯುತ್ತೇವೆ. ಅವರ ಮನೆಯಲ್ಲಿ ಅದು ಬೆಳಗ್ಗೆ ಸಂಜೆ ಮೊಳಗುತ್ತದೆ. ಕಾಕಾ ಬಂದ್ ಮಾಡು ಅಂತ ಒದರುತ್ತಾರೆ, ಆಮೇಲೆ ದಾಡಿ ಮಾಡಿಕೊಳ್ಳುತ್ತ ದೊಯುಲ್‌ನ ಸಾಲನ್ನು ಒಂದು ಸ್ವರವೂ ತಪ್ಪದೆ ಗುನುಗುತ್ತಾರೆ.

ದಾದಾ ಹಾಡು ಕಲಿಯುವ ರೀತಿ ಹೀಗೆ: ಕಣ್ಣು ಮುಚ್ಚಿ ಕೇಳುವುದು, ಇನ್ನೊಮ್ಮೆ ಕೇಳುವುದು, ಕಿವಿಗೆ ಬಿದ್ದದ್ದನ್ನೆಲ್ಲ ಹಾಗೇ ಊದುವುದು. ಬರೆದುಕೊಳ್ಳುವ ಪದ್ಧತಿಯೇ ಇಲ್ಲ. ವಿಶಾಖಾ ಕಳಿಸಿದ್ದು ಮೊನ್ನೆಮೊನ್ನೆಯ ಸ್ಟೇಜ್ ಕಾರ್ಯಕ್ರಮದ ರೆಕಾರ್ಡಿಂಗ್. ಎಡವಟ್ಟಾದದ್ದು ಅಲ್ಲೇ. ಇಂಥ ಕಾರ್ಯಕ್ರಮಗಳಲ್ಲಿ ಸಂಗೀತ ಶುರುವಾದ ಕೂಡಲೇ ಅಭಿಮಾನಿಗಳು ಹಾಡುವವರ ಹೆಸರನ್ನು ಸಾಲಾಗಿ, ತಾಳಕ್ಕೆ ಸರಿಯಾಗಿ ಕೂಗುತ್ತಾರೆ. ಅದು ಅಲ್ಲಿನ ಸಂಪ್ರದಾಯ. ದಾದಾ ಅದೂ ಹಾಡೇ ಎಂದುಕೊಂಡು ಬ್ಯಾಂಡಿನವರಿಗೆ ಪಾಠ ಮಾಡಿಬಿಟ್ಟಿದ್ದರು.

ತ್ರಿಪುರಾಂತ ಕೆರೆಯ ದಂಡೆಯಲ್ಲಿ ತಾಲೀಮು. ನಾನು ಚಹಾ ತೆಗೆದುಕೊಂಡು ಹೋಗುವಷ್ಟರಲ್ಲಿ ಮಚ್ಚೇಂದ್ರ ಕಾಕಾ ಎಮ್ಮೆ ಅಟ್ಟುವ ದನಿಯಲ್ಲಿ ಕೂಗುತ್ತಿದ್ದರು. "ತೆಹಾ! ಜುನ್‌ಸೊ! ವೂರಿ! ಕ್ಯುಹಾನ್! ಸೋಲ್! ದೊಯುಲ್!" ಪ್ರತಿ ಹೆಸರಿಗೂ ಡೋಲಿನ ಮೇಲೆ ಒಂದು ಪೆಟ್ಟು. ಕೆರೆಯ ಬೆಳ್ಳಕ್ಕಿಗಳೆಲ್ಲ ಎದ್ದುಹೋದವು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

"ದಾದಾ, ಅದು ಹಾಡಲ್ಲ. ಕೇಳಾಕ ಬಂದ ಮಂದಿ ಹಾಡೋರ ಹೆಸರು ಕೂಗಾಕತ್ತಾರ."

"ಮಂದಿಗಿ ಎಲ್ಲಾರ ಹೆಸರೂ ಗೊತ್ತಾ?" ದಾದಾ ಟ್ರಂಪೆಟ್ ಕೆಳಗಿಟ್ಟರು. "ನಾ ಹುಡುಗ ಇದ್ದಾಗಿಂದ ಊದಾಕತ್ತೇನಿ. ಒಬ್ಬರರೆ ನನ್ನ ಹೆಸರು ಕೇಳ್ಯಾರೇನು? ಏ ಬ್ಯಾಂಡಿನವ, ಜಲ್ದಿ ನಡಿ ಅಂತಾರ. ಕೂಗೋದು ಇರಲಿ ಮಚ್ಚೇಂದ್ರ, ಛಲೋ ಅದ."

ಹಾಡು ಮುಂದೆ ಹೋಯಿತು. ಟ್ರಂಪೆಟ್ಟುಗಳಲ್ಲಿ ಆ ತೆಳು ದನಿಗಳು ಎಷ್ಟು ಚೆನ್ನಾಗಿ ಬಂದವೆಂದರೆ ನಾನು ನಗುವುದನ್ನು ಬಿಟ್ಟೆ. ನಡುವೆ ಒಂದು ಕಡೆ ದಾದಾ ಕೈ ಎತ್ತಿ ನಿಲ್ಲಿಸಿದರು.

"ಇಲ್ಲಿ ನಿನ್ನ ರೆಕಾರ್ಡ್ ಕೆಟ್ಟದ ನೋಡು. ಡೋಲ್ ಒಂದೇ ಕೇಳಸ್ತದ, ಹಾಡೋರು ಇಲ್ಲ."

"ಕೆಟ್ಟಿಲ್ಲ ದಾದಾ. ಅದು ದೊಯುಲ್‌ನ ಜಾಗಾ, ಆಲ್ಬಮ್‌ನ್ಯಾಗ ಅವನ ದನಿ ಅದ. ಅವರ ದೇಶದಾಗ ಗಂಡುಹುಡುಗರು ಮಿಲಿಟ್ರಿಗಿ ಹೋಗಲೇಬೇಕು. ಅಂವ ಡ್ಯೂಟಿ ಮ್ಯಾಲ ಹೋಗ್ಯಾನ. ಅಂವ ಬರೋತನಕ ಉಳಿದೋರು ಅವನ ಸಾಲು ಹಾಡಂಗಿಲ್ಲ, ಹಂಗೇ ಖಾಲಿ ಬಿಡ್ತಾರ."

"ಯಾಕ? ಅವರಿಗಿ ಹಾಡಾಕ ಬರಂಗಿಲ್ಲೇನು?"

"ಬರ್ತದ. ಆದ್ರೂ ಹಾಡಂಗಿಲ್ಲ."

ಇಷ್ಟು ಹೊತ್ತಿಗೆ ಆಸಿಫ್ ರೂಢಿಯ ಪ್ರಕಾರ ಕ್ಲಾರಿನೆಟ್ಟಿನ ಗುಂಡಿ ಒತ್ತಿ ಆ ಜಾಗವನ್ನು ತುಂಬಲು ಶುರುಮಾಡಿದ್ದ. ದಾದಾ ಅವನ ಕಡೆ ನೋಡದೆ, "ಆಸಿಫ್, ಕೈ ತಗಿ," ಅಂದರು. ಆಮೇಲೆ ಡೋಲು ಒಂದನ್ನೇ ಬಾರಿಸಲು ಹೇಳಿ, ಆ ಖಾಲಿ ಜಾಗವನ್ನು ಮತ್ತೆ ಮತ್ತೆ ಕೇಳಿಸಿಕೊಂಡರು. ಚಹಾ ಆರಿಹೋಯಿತು.

ಮದುವೆಯ ದಿನ ಹುಮನಾಬಾದಿನ ಹೈವೇ ಪಕ್ಕದಲ್ಲಿ ಮೆರವಣಿಗೆ ಕೂಡಿತು. ದಾದಾ ಅಲ್ಮಾರಿಯ ಮೇಲಿನ ಪೆಟ್ಟಿಗೆಯನ್ನು ತಂದಿದ್ದರು. ಅದನ್ನು ತೆರೆದು, ಕ್ಲಾರಿನೆಟ್ಟನ್ನು ಜೋಡಿಸಿ, ಊದುವ ತುದಿಯ ರೀಡ್ ಒಂದನ್ನು ಮಾತ್ರ ಬಿಚ್ಚಿ, ಎರಡನ್ನೂ ನನ್ನ ಕೈಗೆ ಕೊಟ್ಟರು.

"ಬಾಯಾಗ ಇಟ್ಕೊ. ಒಣಗಿದ ರೀಡ್ ಕಿರುಚತದ."

"ಕಾಕಾ ಊದಲಿಲ್ಲಂದ್ರ?"

"ಬಾಯಾಗ ಇಟ್ಕೊ ಅಂದ್ನಲ್ಲ, ಬಾಯಿ ಮುಚ್ಚು."

ನನ್ನಂಥ ವಾಚಾಳಿಯ ಬಾಯಿಗೆ ಬಿದಿರಿನ ಚಕ್ಕೆ ಇಟ್ಟು ಮೆರವಣಿಗೆ ಉದ್ದಕ್ಕೂ ನಡೆಸಿದರು. ದಾರಿಯಲ್ಲಿ ಮಾತಾಡಿಸಿದವರಿಗೆಲ್ಲ ನಾನು ಹೂಂ ಹೂಂ ಅಂದದ್ದೇ. ಹಲ್ಲುನೋವೇನವ್ವ ಎಂದು ಒಬ್ಬ ಮುದುಕಿ ಲವಂಗ ಕೊಡಲು ಬಂದಳು.

ಮಂಟಪದ ಬಾಗಿಲಲ್ಲಿ ಜ್ಞಾನೇಶ್ವರ ಕಾಕಾ ಗುಲಾಬಿ ಪೇಟ ಸುತ್ತಿಕೊಂಡು, ಹಾರ ಹಿಡಿದು ನಿಂತಿದ್ದರು. ಅವರ ಹಿಂದೆ ವಿಶಾಖಾಳ ಅವ್ವ ಕಾಂತಾಬಾಯಿ ಕಾಕು. ಬ್ಯಾಂಡಿನ ಮುಂದೆ ಯಾರಿದ್ದಾರೆ ಎಂದು ಕಂಡ ಕೂಡಲೇ ಕಾಕಾನ ಮುಖ ಬಿಗಿಯಿತು. ಹಿಂದೆ ಸರಿಯಲು ನೋಡಿದರು. ಕಾಕು ಮೆಲ್ಲಗೆ ಬೆನ್ನಿಗೆ ಕೈ ಇಟ್ಟು ಮುಂದೆ ನೂಕಿದಳು. ಅವಳೂ ನಮ್ಮ ಕಡೆಯವಳೇ ಎಂದು ಆಗ ಗೊತ್ತಾಯಿತು. ಮಾಳಿಗೆಯ ಕಿಟಕಿಯಲ್ಲಿ, ಬೌದ್ಧ ಮದುವೆಯ ಬಿಳಿ ಸೀರೆ ಉಟ್ಟ ವಿಶಾಖಾ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ಮಚ್ಚೇಂದ್ರ ಕಾಕಾ ಡೋಲಿನ ಕೋಲು ಎತ್ತಿದರು. ತೆಹಾ ಎಂಬ ಹೆಸರಿಗಾಗಿ ನಾನು ಕಾಯುತ್ತಿದ್ದೆ.

"ಗುರುನಾಥ!" ಪೆಟ್ಟು. "ಆಸಿಫ್!" ಪೆಟ್ಟು. "ಮಚ್ಚೇಂದ್ರ!" ಎಂದು ತಮ್ಮ ಹೆಸರನ್ನು ಇನ್ನಷ್ಟು ಜೋರಾಗಿಯೇ ಕೂಗಿಕೊಂಡರು. "ಗಯಾಸುದ್ದೀನ್!" ಪೆಟ್ಟು. ಆಮೇಲೆ ದಾದಾ ಟ್ರಂಪೆಟ್ ಇಳಿಸಿ, ತಮ್ಮ ಮುರುಕು ದನಿಯಲ್ಲಿ ತಾವೇ ಕೂಗಿದರು.

"ಜ್ಞಾನೇಶ್ವರ!"

ಗಂಡಿನ ಕಡೆಯವರು ಗೊಳ್ಳೆಂದು ನಕ್ಕರು. ಬೀಗರನ್ನು ಹೆಸರು ಹಿಡಿದು ಕರೆಯುವ ಬ್ಯಾಂಡನ್ನು ಯಾರು ಕಂಡಿದ್ದಾರೆ? ಕಾಕಾ ನಗಲಿಲ್ಲ. ಹಾಡು ಶುರುವಾಯಿತು, ಕುಣಿಯುವವರು ಕುಣಿದರು. ದೊಯುಲ್‌ನ ಸಾಲು ಬಂದಾಗ ಟ್ರಂಪೆಟ್ಟುಗಳು ನಿಂತವು. ಆಸಿಫ್ ಎರಡೂ ಕೈ ಮೇಲೆತ್ತಿ ನಿಂತುಬಿಟ್ಟ. ಬರೀ ಡೋಲು ಮೆಲ್ಲಗೆ ನಡೆಯುತ್ತಿತ್ತು. ಕುಣಿಯುವವರು ಕಾಲು ಎತ್ತಿದವರು ಎತ್ತಿದಂತೆಯೇ ಒಬ್ಬರ ಮುಖ ಒಬ್ಬರು ನೋಡಿದರು. ಕಾಕಾ ಆಸಿಫ್‌ನ ಖಾಲಿ ಕೈಗಳನ್ನು ನೋಡಿದರು, ಆಮೇಲೆ ದಾದಾನನ್ನು. ಆ ಹಾಡು ಅವರಿಗೆ ಗೊತ್ತಿತ್ತು. ಅಲ್ಲಿ ಯಾರ ದನಿ ಇರಬೇಕೆಂಬುದೂ ಗೊತ್ತಿತ್ತು.

ಅದೇ ಸಾಲು ಹಾಡಿನಲ್ಲಿ ಇನ್ನೊಮ್ಮೆ ಬರುತ್ತದೆ. ಅಷ್ಟರಲ್ಲಿ ಕಾಕಾ ಹಾರವನ್ನು ಅಶೋಕಕುಮಾರನ ಕೊರಳಿಗೆ ಎಸೆದಂತೆಯೇ ಹಾಕಿ, ಜನರನ್ನು ಸರಿಸಿಕೊಂಡು ನನ್ನ ಎದುರು ಬಂದು ಕೈ ಚಾಚಿದರು. ನಾನು ಕ್ಲಾರಿನೆಟ್ ಕೊಟ್ಟು, ಬಾಯಿಂದ ರೀಡ್ ತೆಗೆದುಕೊಟ್ಟೆ. ಪೇಟದ ಅಂಚಿಗೆ ಒರೆಸಿ, ಸಿಗಿಸಿ, ಬಿಗಿದು, ಸರಿಯಾದ ಮಾತ್ರೆಗೆ ಊದಿದರು.

ಮೂರು ವರ್ಷದ ಮೇಲೆ ಎಂಥ ಉಸಿರು ಉಳಿದಿರುತ್ತದೆ! ಅರ್ಧ ಸಾಲಿಗೆ ದಮ್ಮು ಕಟ್ಟಿತು. ಉಳಿದರ್ಧವನ್ನು ಯಾರೂ ತುಂಬಲಿಲ್ಲ. ದಾದಾ ಡೋಲಿನವರಿಗೆ ನಡೆಸು ಎಂದು ಕಣ್ಸನ್ನೆ ಮಾಡಿ ಕಾದರು, ಎಲ್ಲರೂ ಕಾದರು. ಕಾಕಾ ಉಸಿರು ಎಳೆದುಕೊಂಡು, ತಡವಾಗಿಯೇ, ಸಾಲನ್ನು ತಾವೇ ಮುಗಿಸಿದರು. ಮಾಳಿಗೆಯಲ್ಲಿ ವಿಶಾಖಾ ಅತ್ತಳು, ಕೆಳಗೆ ನಾನೂ ನಾಚಿಕೆ ಬಿಟ್ಟು ಅತ್ತೆ.

ಹಾಡು ಮುಗಿದಾಗ ಕಾಕಾ ಕ್ಲಾರಿನೆಟ್ ತಿರುಗಿಸಿ ನೋಡುತ್ತ, "ಇದಕ್ಕ ಎಣ್ಣಿ ಹಚ್ಚಿ ಎಷ್ಟು ದಿನಾ ಆತ್ರಿ ಉಸ್ತಾದ್? ಮತ್ತ ಈ ರೀಡಿಗಿ ಯಾರು ಗುಟ್ಕಾ ತಿನ್ನಿಸ್ಯಾರ?" ಎಂದರು.

"ಗುಟ್ಕಾ ಅಲ್ರಿ, ಬಡೇಸೋಪು!" ಎಂದು, ಮೆರವಣಿಗೆಗೆ ಮೊದಲು ಸೋಂಪು ಜಗಿದಿದ್ದ ನಾನು ಚೀರಿದೆ.

ದಾದಾ ಅವರ ಹೆಗಲು ಹಿಡಿದರು. "ಅವತ್ತು ನಿನ್ನ ಸಾಲು ಕ್ಯಾಸಿಯೋಕ್ಕ ಕೊಟ್ಟೆ. ತಪ್ಪಾತು ಜ್ಞಾನಾ."

"ನಂಗ ಈಗೂ ಶಿಫ್ಟ್ ಇರ್ತದರಿ. ಪ್ರತಿ ಮದುವಿಗಿ ಬರಾಕ ಆಗಂಗಿಲ್ಲ."

"ಆದಾಗ ಬಾ," ಅಂದರು ದಾದಾ. ಒಳಗೆ ಬುದ್ಧವಂದನೆಗೆ ಕರೆಬಂತು. ಕಾಕಾ ಕ್ಲಾರಿನೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಮಗಳ ಮದುವೆಗೆ ಹೋದರು.

ಮುಂದಿನ ಮದುವೆ ಕೊಡಂಬಲದಲ್ಲಿ. ಅವತ್ತು ಕಾಕಾಗೆ ಶಿಫ್ಟ್ ಇತ್ತು. ಕ್ಲಾರಿನೆಟ್ಟಿನ ಸಾಲು ಬಂದಾಗ ಬ್ಯಾಂಡ್ ನಿಂತಿತು, ಆಸಿಫ್ ಕೈ ಮೇಲೆತ್ತಿದ. ಗಂಡಿನ ಸೋದರಮಾವ ಸಿಡಿಮಿಡಿಗೊಂಡು ಮುಂದೆ ಬಂದ.

"ಯಾಕ್ರಿ, ನಡುವೇ ನಿಂತ್ರಿ? ಬರಂಗಿಲ್ಲೇನು?"

"ಬರ್ತದರಿ," ಅಂದರು ದಾದಾ. "ಇದು ನಮ್ಮ ಜ್ಞಾನೇಶ್ವರನ ಜಾಗಾ. ಅಂವ ಡ್ಯೂಟಿ ಮ್ಯಾಲ ಹೋಗ್ಯಾನ."