ಪೌಡರ್ ಹಚ್ಚಿದ ಕೈ

ಅಮೆರಿಕದವರು ನೂರು ವರ್ಷದ ಹಿಂದೆ ತೆಗೆದ ಒಂದು ಏಸುವಿನ ಮೂಕಿ ಚಿತ್ರಕ್ಕೆ ಈಗ ಅಲ್ಲಿನ ಅಂಗಡಿಯವರು ಗೊಂಬೆ ಮಾಡಿಸುತ್ತಿದ್ದರು. ಆರ್ಡರ್ ಚನ್ನಪಟ್ಟಣದಲ್ಲಿ ಮರದ ಗೊಂಬೆ ಮಾಡುವ ಇಸ್ಮತ್‌ಗೆ ಬಂತು. ತಂದವನು ವ್ಯಾಪಾರಿ ಮನು. ಫೋನಿನಲ್ಲಿ ಚಿತ್ರ ತೋರಿಸಿದ.

"ಏಸುವಿನ ತಾಯಿ ಗುಲಾಬಿ ಬಣ್ಣ, ಅಕ್ಕ. ದೇವದೂತರೂ ಗುಲಾಬಿ. ಕಳ್ಳರು, ದಾಸಿಯರು, ಚಾಟಿ ಹಿಡಿದೋರು ಕಂದು."

"ಚಿತ್ರ ಕಪ್ಪುಬಿಳುಪಲ್ವಾ? ಗುಲಾಬಿ ಅಂತ ಹೆಂಗೆ ಗೊತ್ತಾಯ್ತು?"

"ದೇವ್ರ ತಾಯಿ ಅಂದ್ಮೇಲೆ ಗುಲಾಬಿನೇ."

"ಆ ಊರಲ್ಲಿ ಬಿಸಿಲಿಲ್ವಾ?"

"ನಮ್ಗಿಂತ ಜಾಸ್ತಿ ಐತೆ."

"ಹಂಗಾದ್ರೆ ಈ ಕಂದು ಬಣ್ಣದೋರು ಆ ಊರೋರು."

"ಎಲ್ಲೀದು! ಅವ್ರೂ ಬಿಳಿಯರೇ, ಬಣ್ಣ ಬಳ್ಕೊಂಡವ್ರೆ. ನಿಜವಾದ ಕರಿಯರು ಹಿಂದೆ ಬೀಸಣಿಗೆ ಹಿಡ್ಕೊಂಡು ನಿಂತವ್ರೆ, ನೋಡಿ."

ಕೆಲಸದ ಹಂಚಿಕೆ ಅಚ್ಚುಕಟ್ಟಾಗಿತ್ತು. ಖರ್ಜೂರದ ಮರದಡಿ ಒಬ್ಬಳೇ ಹೆರಿಗೆ ನೋವು ತಿಂದ ಏಸುವಿನ ತಾಯಿ ಬೀಬಿ ಮರಿಯಮ್ ಕಥೆಯನ್ನು ಇಸ್ಮತ್‌ಗೆ ಅಜ್ಜಿ ಹೇಳಿದ್ದಳು. ಬಣ್ಣ ಹೇಳುವುದನ್ನು ಮಾತ್ರ ಮರೆತಿದ್ದಳು, ಪಾಪ.

ಆದರೂ ಇಸ್ಮತ್ ಒಪ್ಪಿದಳು. ಈ ಸಲ ಡಬ್ಬದ ಮೇಲೆ ಮಾಡಿದವರ ಹೆಸರು, ಅವರು ಗೊಂಬೆ ಮಾಡುತ್ತಿರುವ ಫೋಟೋ ಹಾಕುತ್ತಾರಂತೆ. ಇಪ್ಪತ್ತೆರಡು ವರ್ಷ ಅವಳ ಗೊಂಬೆಗಳು ಯಾರ್ಯಾರದೋ ಹೆಸರಿನಲ್ಲಿ ಹಡಗು ಹತ್ತಿದ್ದವು. ಒಂದು ಸಲ ತನ್ನ ಮುಖವೂ ಹತ್ತಲಿ ಎಂಬ ಆಸೆಯನ್ನು ಅವಳು ಗಂಡನಿಗೂ ಹೇಳಲಿಲ್ಲ. ಮದುವೆಗಳಿಗೆ ಮಾತ್ರ ಉಡುವ ಹಸಿರು ಸೀರೆಗೆ ಇಸ್ತ್ರಿ ಹಾಕಿದಳು.

ಕ್ಯಾಮೆರಾ ತಂದ ದಿನ ಮನು ಸೀರೆ ನೋಡಿದ, ಅವಳ ಮುಖ ನೋಡಿದ, ಆಮೇಲೆ ಚಹಾ ತಂದ ಮೆಹ್ರೀನ್‌ಳನ್ನು ನೋಡಿದ. ಮೆಹ್ರೀನ್ ಇಸ್ಮತ್‌ಳ ಮೈದುನನ ಹೆಂಡತಿ, ಹಾಲಿನಂಥ ಬಣ್ಣ.

"ಅವ್ರು ಕೂತ್ಕೊಳ್ಳಲಿ ಅಕ್ಕ. ಲೈಟ್ ಒಸಿ ಕಮ್ಮಿ ಐತೆ, ಅದಕ್ಕೆ. ಹೆಸರು ನಿಮ್ದೇ."

ತಪ್ಪೆಲ್ಲ ಲೈಟಿನದು.

ಮರ ತಿರುಗಿಸುವ ಲೇತ್ ಮಷಿನ್ ಎಂದೂ ಮುಟ್ಟದ ಮೆಹ್ರೀನ್, ತಿರುಗದೆ ನಿಂತ ಮರದ ತುಂಡಿಗೇ ಬಣ್ಣದ ಅರಗಿನ ಕಡ್ಡಿ ಹಿಡಿದು ಪೆನ್ಸಿಲ್‌ನಂತೆ ಉಜ್ಜಿದಳು. ಮರ ಗಿರಗಿರ ತಿರುಗಿ ಬಿಸಿಯಾದರೆ ತಾನೆ ಅರಗು ಕರಗಿ ಬಣ್ಣ ಹಿಡಿಯುವುದು!

ಮನುವಿಗೆ ಉಪಾಯ ಹೊಳೆಯಿತು. "ಕೈ ನಿಮ್ದು, ಮುಖ ಅವ್ರದು."

ಆದರೆ ಕೈ ಬೇರೆ ಬಣ್ಣ. ಅದಕ್ಕೂ ಉಪಾಯವಿತ್ತು: ಪೌಡರ್. ಇಸ್ಮತ್ ಕೈ ಚಾಚಿದಳು. ಮೊಣಕೈವರೆಗೆ ಅವಳೂ ಗುಲಾಬಿಯಾದಳು.

ಮೆಹ್ರೀನ್‌ಳ ಬೆನ್ನ ಹಿಂದಿನಿಂದ ಕೈ ತೂರಿಸಿ ಲೇತ್ ಓಡಿಸಿದಳು. ಪೌಡರ್ ಉದುರಿದ ಕಡೆ ಅರಗು ಹಿಡಿಯಲಿಲ್ಲ. ಮರಿಯಮ್ ಮುಖದ ತುಂಬ ತೊನ್ನಿನಂತೆ ಕಲೆ. ಎರಡನೆಯ ಗೊಂಬೆಗೂ ಅದೇ ಗತಿ. ಮೂರನೆಯದಕ್ಕೂ.

"ಯಾಕಕ್ಕ ಹಿಂಗಾಯ್ತದೆ?"

"ಲೈಟ್ ಕಮ್ಮಿ ಐತಲ್ಲ," ಎಂದಳು ಇಸ್ಮತ್. ಮರಕ್ಕೆ ಪೌಡರ್ ಸೋಕಿದರೆ ಅರಗು ನಿಲ್ಲದೆಂದು ಅವಳಿಗೆ ಮೊದಲೇ ಗೊತ್ತಿತ್ತು.

ಮೆಹ್ರೀನ್ ಎದ್ದುಬಿಟ್ಟಳು. "ನೀವೇ ಕೂತ್ಕೊಳ್ಳಿ ಭಾಬಿ. ನನ್ನ ಮದುವೇಲೂ ಹೀಗೇ, ಬಣ್ಣ ನೋಡಿ ಕೂರಿಸಿದ್ರು. ನಿನಗೇನು ಬರುತ್ತೆ ಅಂತ ಒಬ್ರೂ ಕೇಳಲಿಲ್ಲ."

ಹನ್ನೊಂದು ವರ್ಷದಿಂದ ಒಂದೇ ಒಲೆಯಲ್ಲಿ ಬೇಯಿಸುತ್ತಿದ್ದರೂ ಇಸ್ಮತ್ ಕೂಡ ಕೇಳಿರಲಿಲ್ಲ. ಅವಳು ಸೋಪು ಹಾಕಿ ಕೈ ತೊಳೆದು ಬಂದು ಕೂತಳು. ಮರ ತಿರುಗಿತು, ಬಣ್ಣ ಹಿಡಿಯಿತು.

"ಅಕ್ಕ, ಒಸಿ ಈ ಕಡೆ ನೋಡಿ ನಗಿ."

"ಮಷಿನ್ ಓಡುವಾಗ ಆಚೆ ಈಚೆ ನೋಡಿದ್ರೆ ಬೆರಳು ಹೋಯ್ತದೆ. ಮುಖ ಬೇಕಾದ್ರೆ ನೀನೇ ಈ ಕಡೆ ಬಾ."

ಮನು ಕ್ಯಾಮೆರಾ ಎತ್ತಿಕೊಂಡು ಬಂದು, ಪ್ಯಾಂಟು ಕೊಳೆಯಾದೀತೆಂದು ಗೊಣಗುತ್ತ, ಮರದ ಪುಡಿಯಲ್ಲಿ ಅವಳೆದುರು ಮಂಡಿಯೂರಿದ.