ಗೋಡೆಯ ಮೇಲಿನ ತೇಪೆ

ಬ್ಯಾಡಗಿಯ ಬಸ್ ಸ್ಟ್ಯಾಂಡಿನ ಎದುರಿನ ಗೋಡೆಯ ಮೇಲೆ ನಮ್ಮ ಮನೆಯವರೆಲ್ಲ ಅಳುತ್ತ ನಿಂತಿದ್ದನ್ನು ಮೊದಲು ಕಂಡವಳು ನಾನೇ. ೧೯೮೬ನೇ ಇಸವಿ. ನನಗಾಗ ಹದಿನಾಲ್ಕು ವರ್ಷ.

ಅದು ಕುಟುಂಬ ಯೋಜನೆಯ ಚಿತ್ರ. ಬಲಕ್ಕೆ ಹಳದಿ ಮನೆ, ಗಂಡ ಹೆಂಡತಿ, ಎರಡು ಮಕ್ಕಳು, ಒಂದು ಆಕಳು. ‘ಚಿಕ್ಕ ಸಂಸಾರ, ಸುಖ.’ ಎಡಕ್ಕೆ ಬೂದು ಬಣ್ಣದ ಗುಡಿಸಲು, ಅದರ ಮುಂದೆ ತಂದೆತಾಯಿ, ಆರು ಮಕ್ಕಳು. ‘ದೊಡ್ಡ ಸಂಸಾರ, ದುಃಖ.’ ಆ ಆರರಲ್ಲಿ ಉದ್ದ ಜಡೆಯವಳು ನಾನು, ಜಾಹೀದಾ. ಅಮ್ಮನ ಸೊಂಟದ ಮೇಲೆ ಬೆರಳು ಚೀಪುತ್ತಿದ್ದವಳು ನಮ್ಮ ಕಿರಿಯ ತಂಗಿ ಮಹಮೂದಾ.

ರಮಜಾನ್ ಹಬ್ಬಕ್ಕೆ ಸ್ಟುಡಿಯೋದಲ್ಲಿ ತೆಗೆಸಿದ್ದ ಫೋಟೋ ಅದು. ಚೆನ್ನಾಗಿ ಬಂದಿದೆಯೆಂದು ಸ್ಟುಡಿಯೋದವರು ಒಂದು ಪ್ರತಿಯನ್ನು ಹೊರಗಿನ ಗಾಜಿನ ಕಪಾಟಿನಲ್ಲಿ ಇಟ್ಟಿದ್ದರು. ಪೇಂಟರ್ ಮೈಲಾರೆಪ್ಪ ಅದನ್ನು ನೋಡಿಯೇ ಬರೆದಿದ್ದ. ನಾವು ನಿಂತ ಸಾಲು, ಅಬ್ಬಾನ ಟೊಪ್ಪಿಗೆ, ಎಲ್ಲ ಇದ್ದ ಹಾಗೇ. ನಗುವ ತುಟಿಗಳನ್ನು ಮಾತ್ರ ಕೆಳಗೆ ಬಾಗಿಸಿ, ಬಟ್ಟೆಗಳಿಗೆ ತೇಪೆ ಹಚ್ಚಿದ್ದ.

ಅಬ್ಬಾ ಇಸ್ಮಾಯಿಲಸಾಬರು ಟೇಲರ್. ಆ ಹಬ್ಬಕ್ಕೆ ಆರೂ ಮಕ್ಕಳ ಬಟ್ಟೆಯನ್ನು ತಾವೇ ಹೊಲಿದಿದ್ದರು. ಗೋಡೆ ನೋಡಿ ಬಂದವರು ಮಶೀನಿನ ಮುಂದೆ ಕುಳಿತರು, ತುಳಿಯಲಿಲ್ಲ.

“ನಾ ಹೊಲಿದ ಅಂಗಿಗೆ ತೇಪಿ ಹಚ್ಯಾನ,” ಎಂದಷ್ಟೇ ಅಂದರು.

“ಬಿಡ್ರಿ,” ಎಂದಳು ಅಮ್ಮಾ. “ನಾವು ಹೆಂಗ ಅದೇವಿ ಅಂತ ಊರ ಮಂದಿಗೆ ಗೊತ್ತಿಲ್ಲೇನು?”

ಎಂಟು ದಿನ ಕಳೆದಿರಬೇಕು, ಪಕ್ಕದ ಓಣಿಯ ಪ್ರೇಮವ್ವ ಒಂದು ಗಂಟು ಹಿಡಿದು ಬಂದಳು. ಹತ್ತು ವರ್ಷದಿಂದ ನಮ್ಮಲ್ಲೇ ಸೀರೆಯ ಜಂಪರು ಹೊಲಿಸುತ್ತಿದ್ದವಳು. ಗಂಟಿನಲ್ಲಿ ಅವಳ ಮಕ್ಕಳ ಹಳೆಯ ಬಟ್ಟೆಗಳಿದ್ದವು.

“ತಪ್ಪ ತಿಳೀಬ್ಯಾಡ ಮುಮ್ತಾಜಬಿ. ದಿನಾ ಆ ಗೋಡಿ ನೋಡ್ತೇನಿ, ಕರಳ ಚುರ್ ಅಂತೈತಿ. ಹುಡುಗ್ರಿಗೆ ಹಾಕು.”

“ನನ್ನ ಹುಡುಗ್ರು ನಿನ್ನ ಕಣ್ಣಮುಂದ ಆಡಾಕತ್ತಾರಲ್ಲ, ಪ್ರೇಮವ್ವ. ಅವ್ರ ಮೈಮ್ಯಾಲ ಏನೈತಿ, ನೋಡು.”

ಪ್ರೇಮವ್ವ ನೋಡಿದಳು. ಮಹಮೂದಾಳ ಫ್ರಾಕನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಅವಳ ಕಣ್ಣು ತೇಪೆಯನ್ನೇ ಹುಡುಕುತ್ತಿತ್ತು.

ಅಮ್ಮನ ಮುಖ ಕೆಂಪಾಯಿತು. ಗಂಟನ್ನು ಪ್ರೇಮವ್ವನ ಕೈಗೇ ತುರುಕಿ, ಮನೆಯೊಳಗೆ ತೂಗುಹಾಕಿದ್ದ ಹಬ್ಬದ ಫೋಟೋ ಇಳಿಸಿಕೊಂಡು, ನನ್ನ ಕೈ ಹಿಡಿದು ಮೈಲಾರೆಪ್ಪನ ಅಂಗಡಿಗೆ ನಡೆದಳು.

“ಮೈಲಾರೆಪ್ಪಣ್ಣ, ನಾವೇನು ಮಾಡೇವಿ ನಿಮಗ?”

ಅವನು ಬ್ರಶ್ಶು ಕೆಳಗಿಟ್ಟ. “ನಿಮ್ಮ ಮ್ಯಾಲ ನನಗೇನ ಸಿಟ್ಟ ಐತ್ರಿ? ಕುಟುಂಬ ಯೋಜನೆ ಆಫೀಸಿನವರು ಆರು ಹುಡುಗ್ರು ಬೇಕಂದ್ರು. ಫೋಟೋದಾಗ ಆರು ಇದ್ವು.”

“ನಗೂದನ್ನ ಯಾಕ ಅಳಿಸಿದ್ರಿ?”

“ನಗಾಕತ್ತಿದ್ರ ಯಾರು ನಂಬ್ತಾರ್ರಿ? ಬಸ್ಸಿನ್ಯಾಗ ಹೋಗಾವ್ರು ಓದಂಗಿಲ್ಲ. ಒಮ್ಮೆ ನೋಡ್ತಾರ, ಅಷ್ಟ. ಈ ಕಡೆ ಬೂದಿ ಬಣ್ಣ, ಆ ಕಡೆ ಹಳದಿ ಇದ್ರ ತಾವ ತಿಳ್ಕೊಂತಾರ.”

“ಏನಂತ ತಿಳ್ಕೊಂತಾರ, ಹೇಳೋ? ನನ್ನ ಮಹಮೂದಾ ಹುಟ್ಟಬಾರದಿತ್ತು ಅಂತೇನು?”

ಅಣ್ಣ ಅಂದಿದ್ದ ಬಾಯಲ್ಲಿ ಏಕವಚನ ಬಂದಿತ್ತು. ಮೈಲಾರೆಪ್ಪ ತಲೆ ತಗ್ಗಿಸಿದ. “ಅಳಸಬೇಕಂದ್ರ ಆಫೀಸಿನವರು ಹೇಳಬೇಕ್ರಿ,” ಎಂದ.

ಅಮ್ಮಾ ಅವನ ಸುಣ್ಣದ ಡಬ್ಬಿ, ಬ್ರಶ್ಶು ಎತ್ತಿಕೊಂಡಳು. ಅವನು ತಡೆಯಲಿಲ್ಲ.

ನಡುಮಧ್ಯಾಹ್ನ. ಬಸ್ಸಿಗೆ ಕಾದ ಮಂದಿ ನೋಡುತ್ತಿದ್ದಂತೆ ಅಮ್ಮಾ ಮೊದಲು ಗೋಡೆಯ ಮೇಲಿನ ತನ್ನ ಮುಖಕ್ಕೆ ಸುಣ್ಣ ಬಳಿದಳು, ಆಮೇಲೆ ಅಬ್ಬಾನ ಮುಖಕ್ಕೆ, ನನ್ನದಕ್ಕೆ, ಉಳಿದ ಮಕ್ಕಳದಕ್ಕೆ. ಮಹಮೂದಾಳ ಹತ್ತಿರ ಬಂದಾಗ ಕೈ ನಿಂತಿತು. ಬ್ರಶ್ಶನ್ನು ನನಗೆ ಕೊಟ್ಟು ಆಚೆ ತಿರುಗಿದಳು. ನಾನೇ ಬಳಿದೆ.

“ಏ, ಅದು ಸರಕಾರದ ಚಿತ್ರ ಬೇ!” ಎಂದು ಯಾರೋ ಕೂಗಿದರು.

“ಮಕ್ಕಳು ಸರಕಾರದ್ದಲ್ಲ, ನನ್ನವು!” ಎಂದು ಅಮ್ಮಾ ಫೋಟೋವನ್ನು ಎತ್ತಿ ಹಿಡಿದಳು. “ಬರ್ರಿ, ನೋಡ್ರಿ. ಹಿಂಗ ಅದೇವಿ ನಾವು.”

ಒಂದಿಬ್ಬರು ಬಂದು ನೋಡಿದರು. ಉಳಿದವರು ಬಸ್ಸು ಹತ್ತಿದರು.

ಮರುದಿನ ಆಫೀಸಿನವನೊಬ್ಬ ಪೊಲೀಸರ ಹೆಸರು ಹೇಳುತ್ತ ಮನೆಗೆ ಬಂದ. ಅಬ್ಬಾ ಫೋಟೋ ಅವನ ಮುಂದಿಟ್ಟು, “ಯಾರನ್ನ ಕೇಳಿ ಬರಸಿದ್ರಿ?” ಎಂದರು. ಅವನು ಏನೋ ಗೊಣಗಿ ಹೋದ, ಮತ್ತೆ ಬರಲಿಲ್ಲ.

ವಾರದೊಳಗೆ ಆ ಜಾಗದಲ್ಲಿ ಬೇರೆ ಆರು ಮಕ್ಕಳು ಎದ್ದರು. ಅದೇ ಬೂದು ಬಣ್ಣ, ಅದೇ ಅಳು. ಇವರು ಯಾರೂ ಅಲ್ಲ, ಮನಸ್ಸಿನಿಂದ ಬರೆದದ್ದು ಎಂದು ಮೈಲಾರೆಪ್ಪ ಆಣೆ ಮಾಡಿದ. ಅಮ್ಮಾ ಆ ಮುಖಗಳನ್ನು ಒಂದೊಂದಾಗಿ ನೋಡಿದಳು.

“ಇವೂ ಯಾರೋ ಒಬ್ಬಾಕಿಯ ಮಕ್ಕಳಂಗ ಇದ್ದ ಇರ್ತಾವು,” ಎಂದಳು. ಹಲ್ಲು ಕಚ್ಚಿದ್ದಳು.

ದಸರೆಗೆ ಪ್ರೇಮವ್ವ ಜಂಪರಿನ ಬಟ್ಟೆ ತಂದಳು. ಹೆಂಗಸರ ಅಳತೆ ಯಾವಾಗಲೂ ಅಮ್ಮನದೇ ಕೆಲಸ. ಆ ದಿನ ಅಮ್ಮಾ ಒಳಗಿನಿಂದ ಹೊರಗೆ ಬರಲಿಲ್ಲ. ಟೇಪು ನಾನು ಹಿಡಿದೆ.